ನೆತ್ತಿಯ ಹೊಲಿಗೆ

ಪರೀಕ್ಷೆ ಏನೆಂದು ಅತ್ತೆ ಕತ್ತರಿಯನ್ನು ಕೆಳಗಿಡದೆಯೇ ಹೇಳಿ ಮುಗಿಸಿದರು.

"ಚಾರಣ ಸಂಘದವರಿಗೆ ಹೊಸ ಟೆಂಟು ಬೇಕಂತೆ. ದೊಡ್ಡೋಳು ಒಂದು ಮಾಡ್ಲಿ, ಚಿಕ್ಕೋಳು ಒಂದು ಮಾಡ್ಲಿ. ಎರಡನ್ನೂ ನೋಟದ ಬಂಡೆ ಮೇಲೆ ಒಂದು ರಾತ್ರಿ ನಿಲ್ಲಿಸಿ. ಯಾರದ್ದು ಬೆಳಗಿನವರೆಗೆ ನಿಲ್ಲತ್ತೋ ಅವಳಿಗೆ ಈ ಮೇಜು. ನನ್ನ ಕಣ್ಣು ಇನ್ನು ಸಾಲಲ್ಲ."

ಮೇಜು ಎಂದರೆ ಬಟ್ಟೆ ಕತ್ತರಿಸುವ ಮೇಜು. ಅಂಗಡಿಯ ಬೆಳಕೆಲ್ಲ ಅದರ ಮೇಲೇ ಬೀಳುತ್ತಿತ್ತು. ಅಲ್ಲಿ ನಿಂತವರು ಬಾಗಿಲು ನೋಡುತ್ತಾರೆ, ಬೀದಿ ನೋಡುತ್ತಾರೆ, ಬಂದವರ ಮುಖ ನೋಡಿ ಅಳತೆ ತೆಗೆಯುತ್ತಾರೆ. ಉಳಿದವರು ಗೋಡೆಗೆ ಮುಖ ಮಾಡಿ ಮಷೀನು ತುಳಿಯುತ್ತಾರೆ. ಹಿರಿಯ ಸೊಸೆ ಈ ಮನೆಗೆ ಬಂದಾಗಿನಿಂದ ಗೋಡೆಯನ್ನೇ ನೋಡಿದವಳು. ಒಂದಲ್ಲ ಒಂದು ದಿನ ಮೇಜು ತನ್ನದೇ ಎಂದು ಎಣಿಸಿ ಬೆನ್ನುನೋವನ್ನು ನುಂಗಿದವಳು. ಅಷ್ಟರಲ್ಲಿ ಕಿರಿಯ ಸೊಸೆ ಬಂದಳು. ಬಂದವಳು ಕತ್ತರಿ ಹಿಡಿದರೆ ಬಟ್ಟೆ ತಾನಾಗಿ ದಾರಿ ಬಿಡುತ್ತಿತ್ತು.

ಆ ಸಂಜೆಯೇ ಸಂಘದ ಮಾರ್ಗದರ್ಶಿ ಬಂದು ಮೇಜಿನ ಮೇಲೆ ನಕ್ಷೆ ಹರಡಿದ. ತೇಪೆಯ ಮೇಲೆ ತೇಪೆ ಹಾಕಿದ ಬೂಟಿನಿಂದಾಗಿ ಊರಿಗೆಲ್ಲ ಅವನು ಬೂಟಣ್ಣ.

"ಕಾಡು ದಾಟೋವರೆಗೆ ಕಷ್ಟ ಇಲ್ಲ. ಆಮೇಲೆ ಹುಲ್ಲಿನ ಏಣು, ಎರಡೂ ಕಡೆ ಇಳಿಜಾರು. ಅಲ್ಲಿ ಮಂಜು ಬಂದ್ರೆ ನಿಮ್ಮ ಕೈ ನಿಮಗೇ ಕಾಣಲ್ಲ. ಬಂಡೆ ಹತ್ತಿರ ನೀರಿಲ್ಲ, ಕೆಳಗಿನ ಒರತೆಯಿಂದ ತರಬೇಕು."

"ಊಟಕ್ಕೆ?" ಚಿಕ್ಕಾಕೆ ಕೇಳಿದಳು.

"ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಬೆಲ್ಲ. ಜಾಸ್ತಿ ಹೊತ್ರೆ ನೀವೇ ಬಿಸಾಕ್ತೀರಿ. ಇನ್ನೊಂದು, ನಮ್ಮ ಸಂಘದ ಕಟ್ಟಳೆ: ಟೆಂಟು ಮಾಡಿದವರೇ ಅದರೊಳಗೆ ಮಲಗಬೇಕು. ಒಮ್ಮೆ ಗೂಟ ಹೊಡೆದ ಮೇಲೆ ಸೂರ್ಯ ಹುಟ್ಟೋವರೆಗೆ ಹಗ್ಗ ಬಿಚ್ಚಂಗಿಲ್ಲ. ಬಿಚ್ಚಿದ್ರೆ ಸೋತ ಹಾಗೆ."

"ಗಂಡಂದಿರನ್ನೂ ಕರ್ಕೊಂಡು ಹೋಗ್ಲಾ?" ಎಂದಳು ದೊಡ್ಡಾಕೆ.

"ಬೇಡ," ಅಂದರು ಅತ್ತೆ. "ಅವರನ್ನ ಹೊತ್ಕೊಂಡು ಬರೋಕೆ ಇನ್ನಿಬ್ಬರು ಬೇಕಾಗ್ತಾರೆ."

ಇಬ್ಬರೂ ತಂತಮ್ಮ ಡೇರೆ ಕತ್ತರಿಸಿದರು. ಆ ಅಂಗಡಿಯಲ್ಲಿ ಒಂದು ರೂಢಿ ಇತ್ತು. ಕತ್ತರಿಸಿದವರು ತುಂಡುಗಳನ್ನು ಬಿಳಿ ದಾರದಿಂದ ಕಚ್ಚಾ ಹೊಲಿಗೆ ಹಾಕಿ ದೊಡ್ಡಾಕೆಯ ಮಷೀನಿನ ಎಡಕ್ಕೆ ಇಡಬೇಕು. ದಪ್ಪ ಬಟ್ಟೆಯ ಗಟ್ಟಿ ಹೊಲಿಗೆ ಅವಳದೇ. ಅವಳ ಹೊಲಿಗೆ ನೀರನ್ನು ಒಳಗೆ ಬಿಡದು. ಹೊಲಿದು, ಮಡಿಸಿ, ಬಲಕ್ಕೆ ಇಡುವಳು. ಬಲಕ್ಕೆ ಬಂದದ್ದು ಮುಗಿದಂತೆ. ಅದನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ, ನೋಡಿದರೆ ಅವಮಾನ ಮಾಡಿದಂತೆ.

ಚಿಕ್ಕಾಕೆಯ ಡೇರೆ ಎಡಕ್ಕೆ ಬಂತು. ದೊಡ್ಡಾಕೆ ಅಂಚುಗಳನ್ನು ಹೊಲಿದಳು, ಬಾಗಿಲನ್ನು ಹೊಲಿದಳು. ನೆತ್ತಿಯೊಂದು ಉಳಿದಿತ್ತು, ಎರಡು ಇಳಿಜಾರುಗಳು ಸೇರುವ, ಮೇಲೊಂದು ಪಟ್ಟಿ ಮುಚ್ಚುವ ಉದ್ದದ ಹೊಲಿಗೆ. ಆಗ ಅತ್ತೆ ಬಂದು ಬಟ್ಟೆಯ ಮೇಲೆ ಕೈಯಾಡಿಸಿದರು.

"ಗಾಳಿ ಜಾರಿ ಹೋಗೋ ಹಾಗೆ ಬಾಗಿಸಿದ್ದಾಳೆ ನೋಡೇ. ಇಂಥ ಕತ್ತರಿ ಕೈ ಈ ಮನೇಲಿ ಹಿಂದೆ ಇರ್ಲಿಲ್ಲ."

ದೊಡ್ಡಾಕೆ ಹೂಂ ಎಂದಳು. ಅತ್ತೆ ಹೋದ ಮೇಲೂ ಸೂಜಿ ಇಳಿಯಲಿಲ್ಲ. ಅವಳು ಪಟ್ಟಿಯನ್ನು ಮಾತ್ರ ಮೇಲಿನಿಂದ ತೆಳ್ಳಗೆ ಅಂಟಿಸಿ, ಡೇರೆಯನ್ನು ಮಡಿಸಿದಳು. ನಾಳೆ ಹೊಲಿದರಾಯಿತು ಎಂದುಕೊಂಡಳು. ಎಂದುಕೊಳ್ಳುತ್ತಲೇ ಅವಳ ಕೈ ಡೇರೆಯನ್ನು ಬಲಕ್ಕೆ ಇಟ್ಟಿತು.

ಹೊರಟ ಬೆಳಿಗ್ಗೆ ಅದು ಚಿಕ್ಕಾಕೆಯ ಬೆನ್ನ ಮೇಲಿತ್ತು.

ಕಾಡು ನೆರಳಾಗಿತ್ತು, ನೆಲ ತಂಪಾಗಿತ್ತು. ಮರದಿಂದ ಮರಕ್ಕೆ ಬಳ್ಳಿಗಳು ತೂಗಿದ್ದವು. ಕಾಣದ ಹಕ್ಕಿಯೊಂದು ಒಂದೇ ಸಾಲನ್ನು ಹಾಡಿ, ನಿಲ್ಲಿಸಿ, ಕೇಳಿದವರುಂಟೇ ಎಂಬಂತೆ ಕಾದು, ಮತ್ತೆ ಅದನ್ನೇ ಹಾಡುತ್ತಿತ್ತು. ತೊರೆಯ ಬಳಿ ನಿಂತಾಗ, ಈಗಲೇ ಹೇಳಿಬಿಡೋಣ, ಸೂಜಿದಾರ ಚೀಲದಲ್ಲಿದೆ, ಕೈಯಲ್ಲೇ ಹೊಲಿದು ಕೊಡೋಣ ಎಂದು ದೊಡ್ಡಾಕೆ ಬಾಯಿ ತೆರೆದಳು. ಅಷ್ಟರಲ್ಲಿ ಬೂಟಣ್ಣ ತಿರುಗಿ, "ಚಿಕ್ಕಮ್ಮಾವ್ರು ಚೆನ್ನಾಗಿ ನಡೀತಾರಪ್ಪ, ಜಿಂಕೆ ಹಾಗೆ. ನೀವು ನಿಧಾನವಾಗಿ ಬನ್ನಿ, ಅವಸರ ಇಲ್ಲ," ಎಂದ. ತೆರೆದ ಬಾಯಿಗೆ ದೊಡ್ಡಾಕೆ ನೀರು ಸುರಿದುಕೊಂಡಳು.

ಹುಲ್ಲಿನ ಏಣಿನಲ್ಲಿ ಮತ್ತೊಮ್ಮೆ ಹೇಳಬೇಕೆನಿಸಿತು. ಚಿಕ್ಕಾಕೆ ಹಿಂದಕ್ಕೆ ಕೈ ಚಾಚಿ, "ಹಿಡ್ಕೊಳ್ಳಿ ಅಕ್ಕ, ಇಲ್ಲಿ ಜಾರತ್ತೆ," ಎಂದಳು. ಕತ್ತರಿ ಹಿಡಿದೂ ಆ ಕೈ ಜಡ್ಡುಗಟ್ಟಿರಲಿಲ್ಲ. ದೊಡ್ಡಾಕೆ ಕೈ ಹಿಡಿಯದೆ ಮಂಡಿಯೂರಿ ಹತ್ತಿದಳು.

ನೋಟದ ಬಂಡೆ ಬೆಟ್ಟದ ತುದಿಯಿಂದ ಮುಂದಕ್ಕೆ ಚಾಚಿಕೊಂಡಿತ್ತು. ಅದರ ಆಚೆಗೆ ಏನೂ ಇರಲಿಲ್ಲ, ಬಿಳುಪು ಮಾತ್ರ. ಮಂಜು ಕೆಳಗಿನ ಕಣಿವೆಯಿಂದ ಉಸಿರಿನ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ಇಬ್ಬರೂ ಗೂಟ ಹೊಡೆದರು. ಎರಡು ಡೇರೆಗಳು ಎದ್ದು ನಿಂತವು. ಬೂಟಣ್ಣ ಎರಡರ ಹಗ್ಗವನ್ನೂ ಎಳೆದು ನೋಡಿ, ಕೊಡಗಳನ್ನು ಹಿಡಿದು ಒರತೆಗೆ ಇಳಿದ.

ಹೊತ್ತು ಮುಳುಗುವ ಮೊದಲೇ ಗಾಳಿ ಬಂತು.

ದೊಡ್ಡಾಕೆಯ ಡೇರೆ ಹೊಟ್ಟೆ ಉಬ್ಬಿಸಿ ಪಟಪಟ ಬಡಿದುಕೊಂಡಿತು. ಪಕ್ಕದ್ದು ಅಲುಗಲಿಲ್ಲ. ಗಾಳಿ ಅದರ ಬೆನ್ನಿನ ಮೇಲೆ ಜಾರಿ, ಹುಲ್ಲಿಗೆ ಹಾರಿ ಹೋಗುತ್ತಿತ್ತು. ಅತ್ತೆ ಹೇಳಿದ್ದು ನಿಜ. ಆ ನಿಜವನ್ನು ನೋಡುತ್ತ ನಿಂತ ದೊಡ್ಡಾಕೆಗೆ ಮೈಯೆಲ್ಲ ಒದ್ದೆಯಾದರೂ ಹೊಟ್ಟೆಯೊಂದು ಬಿಸಿಯಾಗಿತ್ತು. ಹರಿಯಲಿ, ಎಂದು ಮನಸ್ಸು ಹೇಳಿತು. ಒಂದೇ ಸಲ ಹೇಳಿತು.

ಪರ್ರನೆ ಸದ್ದಾಯಿತು.

ನೆತ್ತಿ ಬಾಯಿ ಬಿಟ್ಟಿತು. ಒಂದು ಇಳಿಜಾರು ಹಾಯಿಯಂತೆ ಎದ್ದಿತು. ಒಳಗಿದ್ದ ಚಿಕ್ಕಾಕೆ ಹಾರಿ ಅದರ ಅಂಚು ಹಿಡಿದಳು.

"ಬಿಡೇ," ಎಂದು ದೊಡ್ಡಾಕೆ ಕೂಗಿದಳು. "ಹೋಗ್ಲಿ ಬಿಡು."

ಅವಳು ಬಿಡಲಿಲ್ಲ. ಬಟ್ಟೆ ಎಳೆಯಿತು. ಕಾಲು ಜಾರಿತು. ಮಂಜು ಬಟ್ಟೆಯನ್ನೂ ನುಂಗಿತು, ಹಿಡಿದವಳನ್ನೂ ನುಂಗಿತು.

ದೊಡ್ಡಾಕೆ ಅಂಚಿನತ್ತ ಓಡಿ, ಹೆದರಿ, ನಿಂತಳು. "ಎಲ್ಲಿದ್ದೀಯಾ?"

"ಅಕ್ಕ." ದನಿ ಕೆಳಗಿನಿಂದ ಬಂತು. ಎಡದಿಂದಲೋ ಬಲದಿಂದಲೋ ತಿಳಿಯಲಿಲ್ಲ. "ಕಲ್ಲಿನ ಮೆಟ್ಟಿಲು ಥರ ಇದೆ, ಅದರ ಮೇಲಿದ್ದೀನಿ. ಕಾಲು ತಿರುಚಿದೆ. ಕೆಳಗೆ ಏನೂ ಕಾಣ್ತಿಲ್ಲ."

ಬೂಟಣ್ಣನನ್ನು ಕೂಗಿದರೆ ಉತ್ತರವಿಲ್ಲ. ಒರತೆ ದೂರ. ಹಗ್ಗ ಬೇಕು. ಇದ್ದ ಹಗ್ಗವೆಲ್ಲ ಡೇರೆ ಹಿಡಿದು ನಿಂತಿತ್ತು. ಚಿಕ್ಕಾಕೆಯದರಲ್ಲಿ ಅರ್ಧ ಹಗ್ಗ ಬಟ್ಟೆಯೊಡನೆ ಕೆಳಗೆ ಹೋಗಿತ್ತು, ಉಳಿದದ್ದು ಸಾಲದು. ದೊಡ್ಡಾಕೆ ತನ್ನ ಡೇರೆಯ ಕಡೆ ನೋಡಿದಳು. ಅದು ಇನ್ನೂ ನಿಂತಿತ್ತು. ಬಡಿದುಕೊಳ್ಳುತ್ತ, ನಡುಗುತ್ತ, ಆದರೂ ನಿಂತಿತ್ತು. ಹಾಗೇ ಬಿಟ್ಟರೆ ಮೇಜು ಅವಳದು.

ದೇವರೇ, ಎಂದಳು. ಅದಕ್ಕಿಂತ ಉದ್ದದ ಪ್ರಾರ್ಥನೆಗೆ ಸಮಯವಿರಲಿಲ್ಲ. ಗೂಟದಿಂದ ಗೂಟಕ್ಕೆ ಓಡಿ ಹಗ್ಗ ಬಿಚ್ಚಿದಳು. ಡೇರೆ ಮಂಡಿಯೂರಿ, ತಲೆ ಬಾಗಿ, ಮಲಗಿತು. ಹಗ್ಗಕ್ಕೆ ಹಗ್ಗ ಗಂಟು ಹಾಕಿ ಒಂದು ತುದಿಯನ್ನು ಬಂಡೆಯ ಬುಡದ ಕುಳ್ಳ ಮರಕ್ಕೆ ಬಿಗಿದಳು, ಇನ್ನೊಂದನ್ನು ಸೊಂಟಕ್ಕೆ ಸುತ್ತಿದಳು. ಹೊಟ್ಟೆಯ ಮೇಲೆ ತೆವಳಿದಳು.

"ಮಾತಾಡ್ತಾನೇ ಇರು. ದನಿ ಹಿಡಿದು ಬರ್ತೀನಿ."

"ಏನ್ ಮಾತಾಡ್ಲಿ?"

"ಬೈ. ನನ್ನನ್ನೇ ಬೈ."

"ನಿಮ್ಮನ್ಯಾಕೆ ಬೈಲಿ?"

"ಕಾರಣ ಇದೆ. ಬೈ ಅಂದ್ರೆ ಬೈ."

ಚಿಕ್ಕಾಕೆಯ ದನಿ ಮೊದಲು ಅಳುಕುತ್ತ ಬಂತು: "ನೀವು... ನನ್ನ ಸೀಮೆಸುಣ್ಣ ತಗೊಂಡು ವಾಪಸ್ ಕೊಡಲ್ಲ."

"ಹೂಂ. ಇನ್ನೂ."

"ನಾನು ಕಿಟಕಿ ತೆಗೆದ್ರೆ ನೀವು ಬಂದು ಮುಚ್ತೀರಿ. ಅತ್ತೆ ನನ್ನ ಹೊಗಳಿದ್ರೆ ಮಷೀನು ಜೋರಾಗಿ ತುಳೀತೀರಿ, ಕೇಳಬಾರ್ದು ಅಂತ. ನನಗೆ ಗೊತ್ತಾಗಲ್ಲ ಅನ್ಕೊಂಡ್ರಾ?"

ದನಿ ಎಡಕ್ಕಿತ್ತು. ದೊಡ್ಡಾಕೆ ಎಡಕ್ಕೆ ಹೊರಳಿದಳು. ಹುಲ್ಲು ಮುಗಿಯಿತು. ಕಲ್ಲು ಕೈಗೆ ಸಿಕ್ಕಿತು.

"ನಾನು ಬಂದ ವಾರದಲ್ಲೇ ನನ್ನ ರವಿಕೆಗೆ ಎರಡು ತೋಳೂ ಒಂದೇ ಕಡೆಯದ್ದು ಹೊಲಿದು ಕೊಟ್ರಿ. ಮರೆತೆ ಅಂದ್ರಿ. ಮರೆಯೋ ಹೆಂಗಸಾ ನೀವು?"

"ಅಲ್ಲ," ಎಂದಳು ದೊಡ್ಡಾಕೆ. ಅವಳ ಮುಖದ ಕೆಳಗೇ ಒಂದು ಕೈ ಇತ್ತು. ಹಿಡಿದಳು. "ನೆತ್ತಿ ನಾನು ಹೊಲಿದಿರ್ಲಿಲ್ಲ ಕಣೆ. ಬೇಕಂತಲೇ ಬಲಕ್ಕಿಟ್ಟೆ."

ಕೆಳಗಿನವಳ ಮುಖ ಮಂಜಿನಲ್ಲಿ ಕಾಣಲಿಲ್ಲ.

"ಅದನ್ನ ಈಗ ಹೇಳ್ಬೇಕಾ? ಮೊದ್ಲು ಮೇಲೆ ಎಳೀರಿ."

ಎಳೆದಳು. ಮೊಣಕೈ ಸುಲಿಯಿತು, ಹಗ್ಗ ಸೊಂಟವನ್ನು ಕೊಯ್ಯಿತು. ಒಂದು ಗೇಣು ಬಂದರೆ ಅರ್ಧ ಗೇಣು ಜಾರಿತು. ಕೊನೆಗೆ ಹಿಂದಿನಿಂದ ಯಾರೋ ಹಗ್ಗವನ್ನು ಹಿಡಿದು ಜಗ್ಗಿದರು. ಬೂಟಣ್ಣನ ಕೊಡಗಳು ಉರುಳಿದ ಸದ್ದು ಕೇಳಿತು. ಇಬ್ಬರೂ ಹುಲ್ಲಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. ಹರಿದ ಬಟ್ಟೆ ಚಿಕ್ಕಾಕೆಯೊಡನೆಯೇ ಮೇಲೆ ಬಂದಿತ್ತು, ಅದರ ಅಂಚು ಅವಳ ಮುಷ್ಟಿಯಲ್ಲಿ ಹಾಗೇ ಇತ್ತು. ಅದರ ಉದ್ದಕ್ಕೂ ಬಿಳಿ ದಾರ.

ಬಿದ್ದ ಡೇರೆಯನ್ನು ಮೂವರೂ ಸೇರಿ ಮತ್ತೆ ಎಬ್ಬಿಸಿ ಅದರೊಳಗೇ ತುರುಕಿಕೊಂಡರು. ಚಿಕ್ಕಾಕೆ ಬೆನ್ನು ತಿರುಗಿಸಿ ಕುಳಿತಳು. ಆಲೂಗಡ್ಡೆ ಕೊಟ್ಟರೆ ತಗೊಂಡಳು, ಮಾತಾಡಿಸಿದರೆ ತಿರುಗಲಿಲ್ಲ. ನಡುವೆ ಕುಳಿತ ಬೂಟಣ್ಣ, "ನಾನು ಹೊರಗೇ ಮಲಗಿದ್ರೆ ಬೆಚ್ಚಗಿರ್ತಿತ್ತು," ಎಂದ.

ಬೆಳಗಾಗುವಾಗ ಗಾಳಿ ಸತ್ತಿತ್ತು. ಹೊರಗೆ ಬಂದವರು ಬಂಡೆಯ ಮೇಲೆ ನಿಂತರು. ಮಂಜು ಕಾಲಡಿಗೆ ಇಳಿದು ಕಣಿವೆ ತುಂಬ ಹಾಸಿಕೊಂಡಿತ್ತು. ಅದರ ಮೇಲೆ ಬೆಟ್ಟಗಳ ತುದಿಗಳು, ಹಿಂದೆ ಇನ್ನಷ್ಟು ತುದಿಗಳು, ಒಂದಕ್ಕಿಂತ ಒಂದು ತೆಳುವಾಗಿ, ಕೊನೆಗೆ ಯಾವುದು ಬೆಟ್ಟ ಯಾವುದು ಬಾನು ಎಂದು ಹೇಳಲಾಗದಂತೆ. ಸೂರ್ಯ ಎದ್ದಾಗ ಬಿಳುಪೆಲ್ಲ ಹೊನ್ನಾಯಿತು. ದೊಡ್ಡಾಕೆಯ ಕೈಗಳು ತಾವಾಗಿ ಮುಗಿದವು.

"ಒಳಗೆ ಒಂದು ಹನಿ ನೀರೂ ಬರ್ಲಿಲ್ಲ," ಎಂದಳು ಚಿಕ್ಕಾಕೆ, ಮುಂದಕ್ಕೇ ನೋಡುತ್ತ. "ರಾತ್ರಿ ಎಲ್ಲ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡ್ದೆ. ನಿಮ್ಮ ಹೊಲಿಗೆ ಕಂಡ್ರೆ ನನಗೆ ಮೈ ಉರಿಯತ್ತೆ. ಕದ್ದು ಎಷ್ಟು ಸಲ ಹೊಲಿದು ನೋಡಿದ್ದೀನಿ, ಹಾಗೆ ಬರಲ್ಲ."

ದೊಡ್ಡಾಕೆಗೆ ತಪ್ಪಾಯಿತು ಎನ್ನಬೇಕಿತ್ತು. ಅದಕ್ಕೂ ಮೊದಲು ಒಂದು ಗಳಿಗೆ, ಈ ಮಾತು ಎಷ್ಟು ಸಿಹಿಯಾಗಿದೆ ಎನಿಸಿ ನಾಚಿಕೆಯಾಯಿತು.

"ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊ," ಎಂದಳು.

"ನೋಡೋಣ. ಇಳಿಯೋವರೆಗೆ ನಿಮ್ಮ ಭುಜ ಬೇಕು, ಅಷ್ಟು ಕೊಡಿ."

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಏಣಿನಲ್ಲಿ ಕುಳಿತು ಜಾರಿದರು. ತೊರೆಯನ್ನು ಬೂಟಣ್ಣನ ಬೆನ್ನೇರಿ ದಾಟಿದಳು ಚಿಕ್ಕಾಕೆ. ಉಳಿದ ದಾರಿಯೆಲ್ಲ ದೊಡ್ಡಾಕೆಯ ಭುಜದ ಮೇಲೆ ಅವಳ ಭಾರವಿತ್ತು, ಬೆನ್ನ ಮೇಲೆ ಎರಡು ಡೇರೆಗಳ ಭಾರವಿತ್ತು. ಅಂಗಡಿಯ ಬಾಗಿಲಲ್ಲಿ ಅವಳು ಮೊದಲು ಡೇರೆಗಳನ್ನು ಇಳಿಸಿದಳು.

ಅತ್ತೆ ಮೇಜಿನ ಹಿಂದೆಯೇ ನಿಂತಿದ್ದರು. ಚಿಕ್ಕಾಕೆಯ ಕಾಲು ನೋಡಿ, ಕುಳ್ಳಿರಿಸಿ, ಪಟ್ಟಿ ಕಟ್ಟಿ, ಆಮೇಲೆ ಕೇಳಿದರು. "ಯಾರದ್ದು ನಿಂತಿತು?"

"ಒಂದು ಹರೀತು. ಇನ್ನೊಂದನ್ನ ಅವರೇ ಬಿಚ್ಚಿದ್ರು," ಎಂದ ಬೂಟಣ್ಣ. "ಬಿಚ್ಚದೆ ಇದ್ದಿದ್ರೆ ಇವರನ್ನ ಕರ್ಕೊಂಡು ಬರೋಕೆ ಆಗ್ತಿರ್ಲಿಲ್ಲ. ಅದನ್ನ ನಾನು ಸಂಘಕ್ಕೆ ಹೇಳ್ತೀನಿ. ಮೇಜು ದೊಡ್ಡಮ್ಮಾವ್ರಿಗೇ ಕೊಡಬಹುದು."

ಅತ್ತೆ ಹಿರಿಯ ಸೊಸೆಯ ಮುಖ ನೋಡಿದರು. ಚಿಕ್ಕಾಕೆ ನೆಲ ನೋಡುತ್ತಿದ್ದಳು. ಅವಳು ಬಾಯಿ ಬಿಡುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ದೊಡ್ಡಾಕೆ ಹೂಂ ಎಂದರೆ ಸಾಕಿತ್ತು.

"ಅವಳದ್ದು ಹರೀಲಿಲ್ಲ ಅತ್ತೆ," ಎಂದಳು ದೊಡ್ಡಾಕೆ. "ನೆತ್ತಿ ನಾನು ಹೊಲಿದೇ ಇರ್ಲಿಲ್ಲ. ಹೊಟ್ಟೆಕಿಚ್ಚಿಗೆ."

ಮಷೀನುಗಳು ಒಂದೊಂದಾಗಿ ನಿಂತವು. ಅತ್ತೆ ಬಟ್ಟೆಯ ಅಂಚನ್ನು ಎಳೆದುಕೊಂಡು, ಕಣ್ಣಿಗಿಂತ ಬೆರಳನ್ನೇ ನಂಬಿ, ಬಿಳಿ ದಾರದ ಉದ್ದಕ್ಕೂ ಸವರಿದರು.

"ಹೊಲೀದೇ ಇರೋ ಬಟ್ಟೆ ಬಿಟ್ಕೊಂಡ್ರೆ ಅದೊಂದು ಪರೀಕ್ಷೆನಾ?" ಎಂದರು ಕೊನೆಗೆ. "ಇವಳ ಕಾಲು ವಾಸಿಯಾಗ್ಲಿ. ಇಬ್ಬರೂ ಮತ್ತೆ ಹೋಗಿ. ಅಲ್ಲೀವರೆಗೆ ಮೇಜು ನನ್ನದೇ. ಈ ಸಲ ದೊಡ್ಡೋಳು ಚಿಕ್ಕೋಳ ಟೆಂಟಲ್ಲಿ ಮಲಗ್ಲಿ, ಚಿಕ್ಕೋಳು ದೊಡ್ಡೋಳ ಟೆಂಟಲ್ಲಿ."

ಬೂಟಣ್ಣ ಗಟ್ಟಿಯಾಗಿ ಕೆಮ್ಮಿದ. "ನಮ್ಮ ಕಟ್ಟಳೆ..."

"ನಿಮ್ಮ ಕಟ್ಟಳೆ ಮಾಡಿದವರಿಗೆ ಸೊಸೆಯಂದಿರು ಇರ್ಲಿಲ್ಲ ಅನ್ಸತ್ತೆ," ಎಂದರು ಅತ್ತೆ.

ದೊಡ್ಡಾಕೆ ಮುಖ ತೊಳೆದು ಬಂದು ಮಷೀನಿನ ಮುಂದೆ ಕುಳಿತಳು. ಹರಿದ ನೆತ್ತಿಯನ್ನು ಜೋಡಿಸಿ ಸೂಜಿಯ ಕೆಳಗಿಟ್ಟಳು. ಕಾಲು ಚಾಚಿ ಕುಳಿತಿದ್ದ ಚಿಕ್ಕಾಕೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕಾವಲು ಕೂತಿದ್ದೀಯಾ?"

"ಇನ್ನು ಕೂರ್ದೆ ಇರ್ತೀನಾ?"

ಚಕ್ರ ತಿರುಗಿತು. ಬಾಗಿದ ಬಟ್ಟೆ ಒಂದು ಸುಕ್ಕೂ ಬೀಳದೆ, ಒತ್ತಾಯವಿಲ್ಲದೆ, ತನ್ನ ಜಾಗ ತಾನೇ ಬಲ್ಲಂತೆ ಸರಿದು ಬಂತು. ಎಂಥ ಕತ್ತರಿ ಕೈ ಇದು ಎಂದು ದೊಡ್ಡಾಕೆಯ ಹೊಟ್ಟೆ ಇನ್ನೊಮ್ಮೆ ಉರಿಯಿತು. ಉರಿಯುತ್ತಲೇ, ಒಂದರ ಪಕ್ಕ ಒಂದು, ಎರಡು ಸಾಲು ಗಟ್ಟಿಯಾಗಿ ಹೊಲಿದಳು.