ಕೋತಿಯ ಬಲೆ ಹಿಡಿದವನು

“ಕೋತಿಗೆ ಹಿಡಿದ ಬಲೆಗೆ ಡಾಕ್ಟ್ರಮ್ಮನೇ ಬಿದ್ರಲ್ಲಪ್ಪಾ!”

ಕೋತಿ ಹಿಡಿಯುವ ತಂಡದ ವ್ಯಾನ್ ಡ್ರೈವರ್ ನಕ್ಕಿದ್ದೇ ನಕ್ಕಿದ್ದು. ಕೆಲಸಕ್ಕೆ ಸೇರಿದ ಮೊದಲ ದಿನ, ಮತ್ತಿನ ಸೂಜಿ ಹೊಡೆಯುವ ಬಂದೂಕು ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದ ಆ ಪಶುವೈದ್ಯೆ, ಬಲೆಗೆ ಕಾಲು ಸಿಕ್ಕಿಸಿಕೊಂಡು ದೊಪ್ಪನೆ ಬಿದ್ದಿದ್ದಳು. ಎತ್ತಲು ಕೈ ಚಾಚಿದವನು ಬಲೆ ಹಿಡಿಯುವವರ ಮುಂದಾಳು, ಡ್ರೈವರನ ಹೆಂಡತಿಯ ತಮ್ಮ. ಆ ಕೈ ಬಿಡಲು ಇಬ್ಬರಿಗೂ ಕೊಂಚ ಹೊತ್ತೇ ಬೇಕಾಯಿತು...

ಅದಾಗಿ ವರ್ಷ ಕಳೆದಿದೆ. ಇವತ್ತು ಬೆಳಿಗ್ಗೆ ಅದೇ ಡ್ರೈವರ್ ಹೇಳಿದ್ದ, “ನಮ್ಮ ಭಾಮೈದ ಬೇರೆ ತಂಡಕ್ಕೆ ಹಾಕಿ ಅಂತ ಕೇಳ್ಕೊಂಡಿದಾನೆ ಡಾಕ್ಟ್ರಮ್ಮ. ನಾಳೆಯಿಂದ ಬರಲ್ಲ.”

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಹೋದ ವಾರ ಕೋತಿಯೊಂದು ಬಲೆಯಾಚೆ ಬಿದ್ದು ಕೈ ಮುರಿದುಕೊಂಡಿತ್ತು. ಮದ್ದು ಹೆಚ್ಚಾಗಿತ್ತೇ? ಅದಕ್ಕೇ ನನ್ನ ಮೇಲಿನ ನಂಬಿಕೆ ಹೋಯಿತೇ? ಅಥವಾ ನನ್ನ ಮನಸ್ಸು ತಿಳಿದು ತಪ್ಪಿಸಿಕೊಳ್ಳುತ್ತಿದ್ದಾನೆಯೇ?

ಈಗ ಶಾಲೆಯ ಅಂಗಳದ ಮರದಲ್ಲಿದ್ದ ಕೋತಿಯೊಂದರ ತೊಡೆಗೆ ಸೂಜಿ ನಾಟಿತ್ತು. ಮತ್ತೇರಿ ಅದು ಬೀಳುವವರೆಗೆ ಯಾರೂ ಅದರಿಂದ ಕಣ್ಣು ತೆಗೆಯುವಂತಿಲ್ಲ. ಅದು ಕೊಂಬೆ ಬದಲಿಸಿದರೆ ಕೆಳಗೆ ಬಲೆಯೂ ಅತ್ತ ಸರಿಯಬೇಕು.

ಮೇಲೆ ನೋಡುತ್ತಲೇ ಅವಳು ಪಕ್ಕದಲ್ಲಿ ಬಲೆ ಹಿಡಿದಿದ್ದ ಅವನನ್ನು ಕೇಳಿದಳು, “ಯಾಕೆ ಹೋಗ್ತಿದೀರಾ?”

“ಭಾವ, ಸ್ವಲ್ಪ ಎಡಕ್ಕೆ ಬನ್ನಿ!” ಬಲೆಯ ಆಚೆ ತುದಿ ಹಿಡಿದಿದ್ದ ಡ್ರೈವರಿಗೆ ಕೂಗಿದ ಅವನ ಕಣ್ಣೂ ಮೇಲೆಯೇ.

“ನನ್ನ ಮದ್ದು ತಪ್ಪಾಗಿತ್ತಾ? ಹೇಳ್ಬಿಡಿ...”

“ಅಯ್ಯೋ, ಮದ್ದು ಸರಿಯಾಗೇ ಇತ್ತು. ಅವತ್ತು ಅದು ಕೊಂಬೆ ಬದಲಿಸಿದ್ದು ನಂಗೆ ಕಾಣ್ಲೇ ಇಲ್ಲ. ನಾನು... ನಿಮ್ಮನ್ನ ನೋಡ್ತಾ ಇದ್ದೆ.”

ಅವಳು ಬಂದೂಕನ್ನು ಎದೆಗವಚಿಕೊಂಡಳು.

“ನೀವಿದ್ರೆ ನನ್ನ ಕಣ್ಣು ನನ್ನ ಮಾತು ಕೇಳಲ್ಲ ಡಾಕ್ಟ್ರೇ. ಪ್ರೀತಿ ಮಾಡಿದ್ದು ನಾನು, ಕೈ ಮುರ್ಕೊಂಡಿದ್ದು ಅದು. ನ್ಯಾಯಾನಾ ಇದು?”

ತಿರುಗಿ ಅವನ ಮುಖ ನೋಡಬೇಕೆಂದು ಜೀವ ಚಡಪಡಿಸಿತು. ಆದರೆ ನೋಡುವಂತಿಲ್ಲವಲ್ಲ! ಅಷ್ಟರಲ್ಲಿ ಕೋತಿಯ ಹಿಡಿತ ಸಡಿಲವಾಯಿತು. ಅವನು ಬಲಕ್ಕೆ ಹಾರಿ ಬಲೆ ಎಳೆದ. ಕೋತಿ ನಡುಮಧ್ಯಕ್ಕೇ ಬಿತ್ತು.

ಅವಳು ಓಡಿ ಅದರ ಎದೆಯ ಮೇಲೆ ಕೈಯಿಟ್ಟಳು. ಉಸಿರು ಸರಾಗವಾಗಿತ್ತು. ಅದರ ಕಣ್ಣಿಗೆ ಬಟ್ಟೆ ಕಟ್ಟುವಾಗ ಅವಳ ಕಣ್ಣೇ ತುಂಬಿಬಂತು.

“ಎಲ್ಲೂ ಹೋಗ್ಬೇಡಿ. ಇನ್ಮೇಲೆ ಸೂಜಿ ಹೊಡೆದು ನಿಮ್ಮ ಬೆನ್ನ ಹಿಂದೆ ನಿಂತ್ಕೋತೀನಿ. ಆಗ ಕಾಣಲ್ಲ ಅಲ್ವಾ?”

“ಕೆಲಸ ಮುಗಿದ್ಮೇಲೆ?”

“ಎದುರಿಗೇ ಕೂತ್ಕೋತೀನಿ. ಎಷ್ಟು ಬೇಕೋ ಅಷ್ಟು ನೋಡಿ!”