ಇಪ್ಪತ್ತೆಂಟೂವರೆ ಸಾವಿರ

ತನ್ನ ಗ್ಯಾರೇಜಿಗೆ ಬಂದ ವಂದನಾಳ ಕಾರಿನ ರೇಡಿಯೇಟರಿನ ಮುಚ್ಚಳ ತೆಗೆದು ನಾಗೇಶ ಬೆರಳು ಅದ್ದಿದ. ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡಾಗ ವಂದನಾ ಮುಖ ಕಿವಿಚಿದಳು.

"ಇದಕ್ಕೆ ಎಂತ ನೀರು ಹಾಕ್ತಿದ್ರಿ?"

"ಬಾವಿ ನೀರು. ಯಾರ ಮನೆಗೆ ಹೋಗಿದ್ನೋ ಅವ್ರ ಬಾವಿದು."

"ಆ ಅಳಿವೆ ಬದಿ ಕಾಸರಕೋಡಲ್ಲೂ?"

"ಅಲ್ಲೇ ಜಾಸ್ತಿ. ಎಂತಕ್ಕೆ, ಉಪ್ಪಾ?"

"ಸಾರು ಮಾಡೂಕೆ ಆತದೆ," ಎಂದ ನಾಗೇಶ.

ವಂದನಾ ಫಿಸಿಯೋಥೆರಪಿಸ್ಟ್. ಕುಮಟಾದಿಂದ ಹೊನ್ನಾವರದವರೆಗೆ ಪಾರ್ಶ್ವವಾಯು ಬಡಿದವರ, ಸೊಂಟ ಮುರಿದುಕೊಂಡವರ ಮನೆಗಳಿಗೆ ತಾನೇ ಹೋಗಿ ಕೈಕಾಲು ಆಡಿಸಿ ಬರುವವಳು. ಕಾರಿಗೆ ಹದಿನೇಳು ವರ್ಷ. ಬಿಸಿಲಿಗೆ ಅದು ಬುಸುಗುಟ್ಟಿದಾಗಲೆಲ್ಲ ರೋಗಿಯ ಮನೆಯವರು ಪ್ರೀತಿಯಿಂದ ಒಂದು ಕೊಡಪಾನ ನೀರು ಸೇದಿ ಕೊಡುತ್ತಿದ್ದರು. ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಎರಡು ವರ್ಷ ಹೀಗೆ ಅಳಿವೆ ದಡದ ಉಪ್ಪುನೀರು ಕುಡಿದು ಎಂಜಿನ್ ಒಳಗಿಂದೊಳಗೇ ತುಕ್ಕು ಹಿಡಿದು ಕೂತಿತ್ತು.

"ಎಂಜಿನ್ನೇ ಬದಲಿಸ್ಬೇಕು," ಎಂದ ನಾಗೇಶ.

"ಎಷ್ಟಾಗ್ತದೆ? ಸರಿಯಾಗಿ ಲೆಕ್ಕ ಹಾಕಿ ಹೇಳಿ. ನಲವತ್ತು ಸಾವಿರದ ಒಳಗಾದ್ರೆ ಮಾಡಿಸ್ತೆ. ಮೇಲೆ ಹೋದ್ರೆ ಗುಜರಿಗೆ ಹಾಕಿ, ಉಡುಪಿ ಆಸ್ಪತ್ರೆಯವ್ರು ಕರೆದ ಕೆಲಸಕ್ಕೆ ಹೂಂ ಹೇಳ್ತೆ. ಅಲ್ಲಿ ಹಾಸ್ಟೆಲ್ಲೂ ಇದೆ, ಕಾರೇ ಬ್ಯಾಡ. ಸೋಮವಾರದೊಳಗೆ ಹೇಳ್ಬೇಕು ಅವ್ರಿಗೆ."

ಅವಳು ಅದನ್ನು ತರಕಾರಿ ದರ ಕೇಳಿದಷ್ಟು ಸಲೀಸಾಗಿ ಹೇಳಿ, ಆಟೊ ಹಿಡಿದು ಹೊರಟೇಹೋದಳು. ನಾಗೇಶ ಮುಚ್ಚಳ ಕೈಯಲ್ಲಿ ಹಿಡಿದೇ ರಸ್ತೆಯವರೆಗೆ ಬಂದು ನೋಡಿದ.

ಮೂರು ವರ್ಷದ ಹಿಂದೆ ಗೇರ್‌ಬಾಕ್ಸ್ ಎತ್ತುವಾಗ ಅವನ ಭುಜ ಹಿಡಿದುಕೊಂಡಿತ್ತು. ಆಯಿಲ್ ಬದಲಿಸಲು ಬಂದಿದ್ದ ವಂದನಾ ಅವನನ್ನು ಗ್ಯಾರೇಜಿನ ಬೆಂಚಿನ ಮೇಲೆ ಕೂರಿಸಿ, "ಕೈ ಮೇಲೆ. ಇನ್ನೂ ಮೇಲೆ. ಹೆದರೂಕೆ ನಾನೆಂತ ಹುಲಿಯಾ?" ಎಂದು ಗದರಿಸಿ ಸರಿಮಾಡಿದ್ದಳು. ಭುಜ ಒಂದೇ ತಿಂಗಳಲ್ಲಿ ವಾಸಿಯಾಯಿತು. ನೋವಿದೆ ಎಂದು ಅವನು ಇನ್ನೂ ಮೂರು ತಿಂಗಳು ಹೇಳಿದ. ಅವಳಿಗೆ ಗೊತ್ತಿತ್ತೋ ಏನೋ, ವಾರಕ್ಕೊಮ್ಮೆ ಬಂದು ಭುಜ ಮುಟ್ಟಿ ನೋಡಿ, ಕಣ್ಣಂಚಿನಲ್ಲೇ ನಕ್ಕು ಹೋಗುತ್ತಿದ್ದಳು. ಅಲ್ಲಿಂದೀಚೆಗೆ ಗ್ಯಾರೇಜಿನ ಮುಂದೆ ಆ ಕಾರಿನ ಹಾರ್ನ್ ಕೇಳಿದರೆ ಸಾಕು, ನಾಗೇಶ ಕೈಗೆ ಹತ್ತಿದ ಗ್ರೀಸನ್ನು ಎರಡೆರಡು ಸಲ ಒರೆಸಿಕೊಳ್ಳುತ್ತಿದ್ದ. ಬಾಯಿ ಬಿಟ್ಟು ಮಾತ್ರ ಏನೂ ಹೇಳಿರಲಿಲ್ಲ.

ಆ ಮಧ್ಯಾಹ್ನ ಅವನು ಲೆಕ್ಕ ಹಾಕಿದ. ಭಟ್ಕಳದಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಎಂಜಿನ್ ನಲವತ್ತೈದು ಸಾವಿರ. ಹೊಸ ರೇಡಿಯೇಟರ್, ಕ್ಲಚ್ ಪ್ಲೇಟ್, ಮೌಂಟಿಂಗ್, ಆಯಿಲ್, ಕೂಲಂಟ್, ಮಜೂರಿ ಸೇರಿ ಮತ್ತೆ ಇಪ್ಪತ್ಮೂರು. ಒಟ್ಟು ಅರವತ್ತೆಂಟು. ಓಡುವ ಸ್ಥಿತಿಯಲ್ಲಿದ್ದರೂ ಆ ಕಾರಿಗೆ ಒಂದು ಲಕ್ಷ ಬರುವುದು ಅನುಮಾನ. ಬೇರೆ ಗಿರಾಕಿಯಾಗಿದ್ದರೆ "ಬ್ಯಾಡ, ಮಾರಿಬಿಡಿ" ಎಂದು ಅವನೇ ಹೇಳುತ್ತಿದ್ದ. ಆದರೆ ವಾಟ್ಸಾಪಿನಲ್ಲಿ ಅವಳಿಗೆ ಕಳಿಸಿದ್ದು, ಒಟ್ಟು ಮೂವತ್ತೊಂಬತ್ತು ಸಾವಿರದ ಐನೂರು ಎಂದು. ಉಳಿದದ್ದು ಅವನ ಜೇಬಿನಿಂದ.

ಎರಡೇ ನಿಮಿಷಕ್ಕೆ ಉತ್ತರ ಬಂತು. "ಆತು. ಮಾಡಿ." ಪಕ್ಕದಲ್ಲೊಂದು ನಗುವ ಮುಖ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ನಂಬರ್ ಬದಲಿಸಬೇಕು, ಅದಕ್ಕೆ ಕಾರಿನ ಮಾಲೀಕರ ಹೆಸರಿನಲ್ಲೇ ಬಿಲ್ ಆಗಬೇಕು. ಭಟ್ಕಳದಲ್ಲಿ ಹಳೇ ಎಂಜಿನ್ ಮಾರುವ ದಾಮುದಿ ಸಾಹೇಬರು ಮಾಲೀಕರ ಮುಖ ನೋಡದೆ, ಆಧಾರ್ ನೋಡದೆ ಎಂಜಿನ್ ಕೊಡುವವರಲ್ಲ. ಶನಿವಾರ ನಾಗೇಶನ ಪಿಕಪ್ಪಿನಲ್ಲಿ ವಂದನಾಳೂ ಹೊರಟಳು. ದಾರಿಯುದ್ದಕ್ಕೂ ಅವಳು ಮಾತಾಡಿದಳು, ಅವನು ಬೆವರಿದ.

"ಎಸಿ ಹಾಕ್ಲಾ?" ಎಂದಳು.

"ಇದ್ರಲ್ಲಿ ಎಸಿ ಇಲ್ಲ."

"ಇದು ಸೆಖೆಗೆ ಬೆವರಿದ ಹಾಗಿಲ್ಲ. ಎಂತಕ್ಕೆ ಇಷ್ಟು ಹೆದ್ರಿಕೊಂಡಿದ್ರಿ?"

ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಜಿನ್ ಕೂತಿತ್ತು. ಸಾಹೇಬರು ಬ್ಯಾಟರಿ ವೈರ್ ತಾಗಿಸಿ, ಬಾಟಲಿಯಲ್ಲಿದ್ದ ಪೆಟ್ರೋಲ್ ಬಿಟ್ಟು ಅದನ್ನು ಶುರು ಮಾಡಿದರು. "ಕೈ ಇಟ್ಟು ನೋಡಿ ಬೆಹನ್. ಕಿವಿ ಸುಳ್ಳು ಹೇಳ್ತದೆ, ಕೈ ಹೇಳೂದಿಲ್ಲ."

ವಂದನಾ ಅಂಗೈ ಇಟ್ಟಳು. ನಾಗೇಶನೂ ಇಟ್ಟ. ಎಂಜಿನ್ ಒಂದೇ ಹದದಲ್ಲಿ ನಡುಗುತ್ತಿತ್ತು, ಇಬ್ಬರ ಕಿರುಬೆರಳ ನಡುವೆ ಒಂದಿಂಚೂ ಇರಲಿಲ್ಲ. ಅವಳು ಬೆರಳು ಸರಿಸಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಮೂಗಿನ ತುದಿ ಮಾತ್ರ ಕೆಂಪಾಗಿತ್ತು.

"ಪಸಂದಾಯ್ತಾ? ನಲವತ್ತೈದು," ಎಂದು ಸಾಹೇಬರು ಬಿಲ್ ಪುಸ್ತಕ ತೆಗೆದರು.

"ಸಾಹೇಬ್ರೆ, ನಿನ್ನೆ ಫೋನಲ್ಲಿ ನಾನು..." ನಾಗೇಶ ತಡವರಿಸಿದ.

"ಹೌದಪ್ಪ. ಹದಿನಾರೂವರೆ ಅಂತ ಬರೀರಿ, ಉಳಿದದ್ದು ನಾನು ಕೊಡ್ತೆ ಅಂತ ನೀನೇ ಹೇಳಿದ್ದು. ರಾತ್ರಿ ಯೋಚಿಸ್ದೆ. ಬಿಲ್ಲಿನ ಮೇಲೆ ಗಲತ್ ಲೆಕ್ಕ ಬರೆಯೂದು ನನ್ನಿಂದ ಆಗೂದಿಲ್ಲ." ಅವರು ಇಬ್ಬರ ಮುಖವನ್ನೂ ನೋಡಿ, ಚಹಾ ಹೇಳುವ ನೆಪ ಮಾಡಿ ಆಚೆ ಹೋದರು.

ವಂದನಾ ಎಂಜಿನ್ ಮೇಲಿಂದ ಕೈ ತೆಗೆದಳು.

"ಸರಿಯಾದ ಲೆಕ್ಕ ಎಷ್ಟು?"

"ಅರವತ್ತೆಂಟು."

"ನಿಮಗೆ ನಾನು ಪಾಪದವಳ ಹಾಗೆ ಕಾಣ್ತೆನಾ?"

"ಇಲ್ಲ."

"ಮತ್ತೆ ಇಪ್ಪತ್ತೆಂಟೂವರೆ ಸಾವಿರ ಎಂತಕ್ಕೆ? ಕಾರಣ ಹೇಳಿ. ಇಲ್ದಿದ್ರೆ ನಾನು ಈಗ್ಲೇ ಬಸ್ ಹತ್ತೂದು."

ನಾಗೇಶ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ, ಸಿಗಲಿಲ್ಲ. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ನೀವು ಉಡುಪಿಗೆ ಹೋಗೂದು ನಂಗೆ ಬ್ಯಾಡ," ಎಂದ. "ಭುಜ ನೋವು ಅಂದದ್ದೂ ಸುಳ್ಳು. ನೀವು ಬರದಿದ್ದ ವಾರ ನಂಗೆ ಕೆಲಸದಲ್ಲಿ ಮನಸ್ಸೇ ಇರೂದಿಲ್ಲ. ಹೇಳೂಕೆ ಧೈರ್ಯ ಇರ್ಲಿಲ್ಲ. ದುಡ್ಡು ಕೊಡೂದು ಸುಲಭ ಆತು."

ಎಂಜಿನ್ ಇನ್ನೂ ಓಡುತ್ತಿತ್ತು. ವಂದನಾ ಬಗ್ಗಿ ವೈರ್ ಕಿತ್ತು ಅದನ್ನು ನಿಲ್ಲಿಸಿದಳು. ಕೋಪ ಹೋಗಿರಲಿಲ್ಲ, ಆದರೆ ಕಣ್ಣು ತುಂಬಿತ್ತು.

"ನಲವತ್ತು ಅಂತ ನಾನು ಎಂತಕ್ಕೆ ಹೇಳಿದ್ದು ಗೊತ್ತಾ? ನಂಗೂ ಹೋಗೂದು ಬ್ಯಾಡಾಗಿತ್ತು. ಉಳಿಯೂಕೆ ಒಂದು ಕಾರಣ ಬೇಕಿತ್ತು. ನೀವಂತೂ ಮೂರು ವರ್ಷದಿಂದ ಬಾಯಿ ಬಿಡ್ಲಿಲ್ಲ, ಅದಕ್ಕೆ ಕಾರಿನ ಮೇಲೆ ಹಾಕ್ದೆ."

ಅವಳು ಫೋನ್ ತೆಗೆದು, ಉಡುಪಿಯ ಆಸ್ಪತ್ರೆಗೆ ಬರುವುದಿಲ್ಲ ಎಂದು ಅಲ್ಲೇ ಮೆಸೇಜ್ ಹಾಕಿದಳು. ಸಾಹೇಬರು ಚಹಾ ತಂದಾಗ ನಲವತ್ತೈದಕ್ಕೇ ಬಿಲ್ ಬರೆಸಿ ಸಹಿ ಮಾಡಿದಳು.

"ಅರವತ್ತೆಂಟೂ ನಾನೇ ಕೊಡ್ತೆ. ಬ್ಯಾಂಕಲ್ಲಿ ನನ್ನ ಆರ್‌ಡಿ ಇದೆ. ನಿಮ್ಮ ಒಂದು ರೂಪಾಯಿಯೂ ಬ್ಯಾಡ," ಎಂದಳು ನಾಗೇಶನಿಗೆ.

"ಮತ್ತೆ ನಾನೆಂತ ಮಾಡೂದು?"

"ನಾಳೆ ಭಾನುವಾರ, ಮನೆಗೆ ಬನ್ನಿ. ಈಗ ಹೇಳಿದ್ದನ್ನೇ ಅಮ್ಮನ ಎದ್ರು ಹೇಳಿ." ಅವಳು ಬಿಲ್ ಮಡಚಿ ಪರ್ಸಿಗೆ ಹಾಕಿಕೊಂಡಳು. "ಆದ್ರೆ ಅಲ್ಲಿ ಕಮ್ಮಿ ಮಾಡಿ ಹೇಳ್ಬೇಡಿ."