ಚಪ್ಪಾಳೆಯ ಹಿಂದಿನ ಉರಿ

೨೦೦೪ರ ಜೂನ್. ಲಂಡನ್ನಿನ ಸಟನ್‌ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅರಿವಳಿಕೆ ಡಾಕ್ಟರ್ ಸಮರ್ಥ ಪೇಪರ್ ಬಿಡಿಸಿದ. ಚಹಾ ಕೈಯಲ್ಲೇ ಉಳಿಯಿತು. ರಾಣಿ ಪದಕ ಕೊಡುವವರ ಗೌರವಪಟ್ಟಿಯಲ್ಲಿ ಒಪೆರಾ ಗಾಯಕಿ ನೀರಜಾಳ ಹೆಸರಿತ್ತು.

ಖುಷಿಯಾಗಬೇಕಿತ್ತು. ಆದರೆ ಕಣ್ಣು ಪಕ್ಕದ ಫೋಟೋದ ಮೇಲೆ ನಿಂತಿತು. ವಿಯೆನ್ನಾದ ವೇದಿಕೆಯಲ್ಲಿ ಅವಳ ಜೊತೆ ಹಾಡುವ ಮತ್ತೇಯೊ ಅವಳ ಅಂಗೈಗೆ ಮುತ್ತಿಡುತ್ತಿದ್ದ. ಅವಳು ಕಣ್ಣು ಮುಚ್ಚಿದ್ದಳು.

ನಟನೆ ಅಷ್ಟೇ ಎಂದುಕೊಂಡ. ಹೊಟ್ಟೆಯ ಉರಿ ಒಪ್ಪಲಿಲ್ಲ.

ಏಳು ವರ್ಷದ ಹಿಂದೆ, ಅವಳಿನ್ನೂ ಕೋರಸ್ಸಿನ ಕೊನೆಯ ಸಾಲಿನಲ್ಲಿ ಹಾಡುತ್ತಿದ್ದಾಗ, ಲಂಡನ್ ಕನ್ನಡಿಗರ ಯುಗಾದಿ ಊಟದಲ್ಲಿ ಸಿಕ್ಕಿದ್ದಳು. ಹೋಳಿಗೆ ಬಡಿಸಲು ಬಂದ ಸಮರ್ಥನಿಗೆ, "ತುಪ್ಪ ಬ್ಯಾಡ, ನಾಳೆ ಆಡಿಷನ್ ಅದ" ಎಂದು ಕಣ್ಣರಳಿಸಿ ನಕ್ಕಿದ್ದಳು. ಆಡಿಷನ್‌ಗಳಿಗೆ ಅವನೇ ಕಾರಿನಲ್ಲಿ ಬಿಟ್ಟುಬರತೊಡಗಿದ. ಮಿಲಾನ್, ನ್ಯೂಯಾರ್ಕ್, ವಿಯೆನ್ನಾ ಎಂದು ಅವಳು ಏರಿದಂತೆಲ್ಲ, ಅವನು ಏರ್‌ಪೋರ್ಟಿಗೆ ಬಿಡುವವನಾಗಿಯೇ ಉಳಿದ.

ಸಂಜೆ ವೆಂಬ್ಲಿಯ ಅವಳ ಫ್ಲ್ಯಾಟಿಗೆ ಹೋದ. ಒದ್ದೆ ಕೂದಲು ಒರೆಸಿಕೊಳ್ಳುತ್ತಾ ಬಾಗಿಲು ತೆಗೆದಳು.

"ಕಂಗ್ರಾಜುಲೇಶನ್ಸ್."

"ಪೇಶಂಟಿಗೆ ರಿಪೋರ್ಟ್ ಕೊಟ್ಟಂಗ ಹೇಳ್ತಿ ಅಲ್ಲ" ಎಂದು ಓರೆಗಣ್ಣಲ್ಲಿ ನೋಡಿದಳು. "ಅರಮನಿಗೆ ಇಬ್ಬರನ್ನ ಕರಕೊಂಡ್ ಹೋಗಬಹುದಂತ. ಒಬ್ಬಾಕಿ ಅವ್ವ."

"ಇನ್ನೊಬ್ಬ ಮತ್ತೇಯೊ ಇದ್ದಾನಲ್ಲ."

ಅವಳ ತುಟಿಯಂಚಿನ ನಗು ಆರಿತು. "ಮದುವಿ ಆಗೋಣೇನು ಅಂತ ಅವ ಕೇಳಿದ, ಸಮರ್ಥ. ಹೋದ ತಿಂಗಳು."

"ನೀ ಏನಂದಿ?"

"ಒಲ್ಲೆ ಅಂದೆ. ಯಾಕ ಅಂದ. ಲಂಡನ್ನಿನಾಗ ಒಬ್ಬ ಇದ್ದಾನ, ಏಳು ವರ್ಷ ಆತು, ಬಾಯಿ ಬಿಡವಲ್ಲ ಅಂದೆ. ಅವ ನಕ್ಕ. ನನಗ ಅಳು ಬಂತು."

ಸಮರ್ಥ ಸೋಫಾದಲ್ಲಿ ಕುಳಿತ. "ನೀ ಅಷ್ಟು ಎತ್ತರಕ್ಕ ಹೋದಿ. ನಾ ಮಂದಿಗೆ ನಿದ್ದಿ ಬರಿಸಾಂವ. ಹ್ಯಾಂಗ ಕೇಳ್ಲಿ? ಅವ ನಿನ್ನ ಕೈ ಹಿಡದಾಗೆಲ್ಲ, ಚಪ್ಪಾಳಿ ತಟ್ಟಕೋತ ಸುಟ್ಟು ಹೋಗೇನಿ."

"ಈಗರೆ ಕೇಳು."

ಕೇಳಿದ. ಅವಳು ಒದ್ದೆ ತಲೆಯನ್ನು ಅವನ ಹೆಗಲಿಗೆ ಒರಗಿಸಿ, ಅವನಿಗಷ್ಟೇ ಕೇಳುವಂತೆ "ಹೂಂ" ಎಂದಳು.

ಅಕ್ಟೋಬರಿನಲ್ಲಿ ಪದಕ ಧರಿಸಿ ಅರಮನೆಯಿಂದ ಹೊರಬಂದಾಗ ಅವಳ ಒಂದು ಪಕ್ಕ ಅವ್ವ, ಇನ್ನೊಂದು ಪಕ್ಕ ಸಮರ್ಥ. ಮನೆಗೆ ಬಂದರೆ ಬಾಗಿಲಲ್ಲಿ ಮತ್ತೇಯೊ ಕಳಿಸಿದ ಬಿಳಿ ಲಿಲ್ಲಿ ಹೂಗಳು. ಸಮರ್ಥನ ಹುಬ್ಬು ಗಂಟಿಕ್ಕಿತು.

"ಇನ್ನೂ?" ಎಂದಳು ನೀರಜಾ.

"ಸ್ವಲ್ಪ" ಎಂದ, ಹೂದಾನಿಗೆ ನೀರು ತುಂಬುತ್ತಾ.